ಹೊರಗಿನವರ ಕಣ್ಣಿನಲ್ಲಿ ಮಾರ್ಮನರು

ಕಳೆದ ತಿಂಗಳ ಒಂದು ಜುಮಾದಲ್ಲಿ ಖತೀಬರು ಹುಜುರಾತ್ ಅಧ್ಯಾಯದ ಮೇಲೆ ಮಾತನಾಡಿದರು. ಯಾರೋ ತಂದ ಸುದ್ದಿಯನ್ನು ವಿಚಾರಿಸದೆ ನಂಬಬಾರದು, ಇನ್ನೊಬ್ಬರ ಮೇಲೆ ಅತಿಯಾಗಿ ಗುಮಾನಿ ಪಡಬಾರದು ಎಂಬುದು ಆ ದಿನದ ಖುತ್ಬಾದ ಸಾರ. ನಮಾಝ್ ಮುಗಿಸಿ ಚಪ್ಪಲಿ ಹುಡುಕುತ್ತಿದ್ದಾಗ ಕೊರಟಗೆರೆ ಕಡೆಯ ಚಾಚಾ ಒಬ್ಬರು ನಮ್ಮನ್ನು ನಿಲ್ಲಿಸಿದರು.

"ನಮ್ಮ ಹುಡುಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನಲ್ಲ, ಅವನ ರೂಮಿನ ಪಕ್ಕದ ಮನೆಗೆ ಬಿಳಿ ಅಂಗಿ, ಟೈ, ಎದೆ ಮೇಲೆ ಹೆಸರಿನ ಕಪ್ಪು ಪಟ್ಟಿ ಹಾಕ್ಕೊಂಡ ಇಬ್ಬರು ಹುಡುಗರು ಬರ್ತಾರಂತೆ. ಮಾರ್ಮನರಂತೆ. ಅವರು ಕ್ರೈಸ್ತರೇ ಅಲ್ಲ ಅಂತಾನೆ ಇವನ ಕ್ರೈಸ್ತ ಗೆಳೆಯ. ಅವರೂ ನಿಮ್ಮ ಹಾಗೇ, ನಾಲ್ಕು ಮದುವೆಯವರು ಅಂತ ನಗ್ತಾನೆ ಇನ್ನೊಬ್ಬ. ಚಹಾ ಕೂಡ ಕುಡಿಯಲ್ಲ, ಬಹಳ ಒಳ್ಳೆಯವರು ಅಂತಾನೆ ಮೂರನೆಯವ. ಇದರಲ್ಲಿ ಯಾವುದು ನಿಜ, ಸಾಬ್?"

ಮೂರರಲ್ಲೂ ಒಂದಿಷ್ಟು ನಿಜವಿದೆ, ಪೂರ್ತಿ ನಿಜ ಯಾವುದರಲ್ಲೂ ಇಲ್ಲ ಎಂದೆವು. ನಮ್ಮ ಸಿದ್ದರಬೆಟ್ಟವನ್ನೇ ನೋಡಿ. ನಾಟಿ ವೈದ್ಯರಿಗೆ ಅದು ಗಿಡಮೂಲಿಕೆಯ ಗುಡ್ಡ, ಭಕ್ತರಿಗೆ ಸಿದ್ಧರ ಗುಹೆ, ಭಾನುವಾರ ಬೈಕಿನಲ್ಲಿ ಬರುವವರಿಗೆ ಫೋಟೋ ತೆಗೆಸಿಕೊಳ್ಳುವ ಜಾಗ. ಯಾರು ಏನೆಂದರೂ ಬೆಟ್ಟಕ್ಕೆ ನಷ್ಟವಿಲ್ಲ. ಆದರೆ ಒಂದು ಜನಸಮುದಾಯದ ಬಗ್ಗೆ ಹೊರಗಿನವರು ಹೀಗೆ ಹೇಳತೊಡಗಿದರೆ ಮಾತು ಜೈಲಿನವರೆಗೆ, ಮತದಾನದ ಹಕ್ಕಿನವರೆಗೆ ಹೋಗುತ್ತದೆ. ಮಾರ್ಮನರ ಚರಿತ್ರೆಯಲ್ಲಿ ಆದದ್ದು ಅದೇ. ಆ ಕಥೆಯ ಒಂದು ಎಳೆ ಉಡುಪಿಯ ಮೂಲಕ ನಮ್ಮ ಹೆಣ್ಣುಮಕ್ಕಳ ತರಗತಿಯ ಬಾಗಿಲಿಗೂ ಬಂದಿದೆ. ಆದ್ದರಿಂದಲೇ ಇಷ್ಟು ಬರೆಯಬೇಕೆನಿಸಿತು.

ಮೊದಲು ಚುಟುಕಾಗಿ ಚರಿತ್ರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಜೋಸೆಫ್ ಸ್ಮಿತ್ ಎಂಬ ಯುವಕ, ದೇವದೂತನೊಬ್ಬ ತೋರಿಸಿದ ಚಿನ್ನದ ಫಲಕಗಳಿಂದ ಅನುವಾದಿಸಿದ್ದೇನೆಂದು ಹೇಳಿ 1830ರಲ್ಲಿ 'ಬುಕ್ ಆಫ್ ಮಾರ್ಮನ್' ಪ್ರಕಟಿಸಿದ. ಅದೇ ವರ್ಷ ಏಪ್ರಿಲ್ 6ರಂದು ತನ್ನ ಸಭೆಯನ್ನು ಸ್ಥಾಪಿಸಿದ. 1838ರಲ್ಲಿ ಮಿಸೂರಿ ರಾಜ್ಯದ ಗವರ್ನರ್ ಬಾಗ್ಸ್, ಮಾರ್ಮನರನ್ನು ರಾಜ್ಯದಿಂದ ಓಡಿಸಬೇಕು ಇಲ್ಲವೇ ನಿರ್ನಾಮ ಮಾಡಬೇಕು ಎಂದು ಆದೇಶಿಸಿದ. ಆ ಆದೇಶವನ್ನು ವಿಧಿವತ್ತಾಗಿ ಹಿಂತೆಗೆದುಕೊಂಡದ್ದು 1976ರಲ್ಲಿ! 1844ರಲ್ಲಿ ಜೋಸೆಫ್ ಸ್ಮಿತ್ ಜೈಲಿನಲ್ಲಿದ್ದಾಗಲೇ ಗುಂಪೊಂದು ನುಗ್ಗಿ ಗುಂಡಿಟ್ಟು ಕೊಂದಿತು. ಉಳಿದವರಲ್ಲಿ ಹೆಚ್ಚಿನವರು ಬ್ರಿಗ್‌ಹ್ಯಾಮ್ ಯಂಗ್ ಎಂಬ ನಾಯಕನ ಹಿಂದೆ ಪಶ್ಚಿಮಕ್ಕೆ ನಡೆದು 1847ರಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದರು.

ಈಗ ಕ್ರೈಸ್ತ ಗೆಳೆಯನ ಮಾತಿಗೆ ಬರೋಣ. ಮಾರ್ಮನರು ತಮ್ಮನ್ನು ಕ್ರೈಸ್ತರೆಂದೇ ಕರೆದುಕೊಳ್ಳುತ್ತಾರೆ, ಅವರ ಸಭೆಯ ಹೆಸರಿನಲ್ಲೇ ಯೇಸು ಕ್ರಿಸ್ತನ ಹೆಸರಿದೆ. ಆದರೆ ಹೆಚ್ಚಿನ ಚರ್ಚುಗಳು ಹೇಳುವ ತ್ರಿಯೇಕತ್ವವನ್ನು ಅವರು ಒಪ್ಪುವುದಿಲ್ಲ. ಪಿತ, ಪುತ್ರ, ಪವಿತ್ರಾತ್ಮ ಮೂವರೂ ಬೇರೆ ಬೇರೆ, ದೇವರಿಗೆ ದೇಹವೂ ಇದೆ ಎನ್ನುತ್ತಾರೆ. ಮಾರ್ಮನರ ಜ್ಞಾನಸ್ನಾನ ಸಿಂಧುವಲ್ಲ ಎಂದು 2001ರಲ್ಲಿ ಕ್ಯಾಥೊಲಿಕ್ ಸಭೆ ತೀರ್ಮಾನಿಸಿದ್ದು ಇಂಥ ಕಾರಣಕ್ಕೆ. ಅಂದರೆ ಗೆಳೆಯ ಸುಳ್ಳಾಡಲಿಲ್ಲ, ತನ್ನ ಚರ್ಚಿನ ಅಳತೆಗೋಲಿನಲ್ಲಿ ಅಳೆದು ಹೇಳಿದ.

ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಎರಡನೆಯವನ ನಗು. ಅವನಿಗೆ ಗೊತ್ತಿರಲಿಕ್ಕಿಲ್ಲ, ಆ ಹಾಸ್ಯಕ್ಕೆ ಸುಮಾರು ಇನ್ನೂರು ವರ್ಷವಾಗಿದೆ. ಜೋಸೆಫ್ ಸ್ಮಿತ್‌ನನ್ನು ಹೀಗಳೆಯಬೇಕಾದಾಗ ಅಂದಿನ ವಿರೋಧಿಗಳು ಅವನನ್ನು 'ಅಮೆರಿಕದ ಮುಹಮ್ಮದ್' ಎಂದು ಕರೆದರು. ಪ್ರವಾದಿ(ಸ)ರ ಹೆಸರು ಅವರಿಗೆ ಬೈಗುಳವಾಗಿತ್ತು. ಒಬ್ಬ ಮುಸ್ಲಿಮನನ್ನೂ ಕಂಡಿರದ ಹಳ್ಳಿಗಳಲ್ಲಿ ಮಾರ್ಮನನಿಗೆ ಬಿದ್ದ ಏಟಿನ ಜೊತೆ ನಮಗೂ ಒಂದು ಏಟು ಬೀಳುತ್ತಿತ್ತು ಎನ್ನಬಹುದು.

ಎಲ್ಲರೂ ಹಾಗಿರಲಿಲ್ಲ. ವೇಷ ಮರೆಸಿಕೊಂಡು 1853ರಲ್ಲಿ ಮಕ್ಕಾಕ್ಕೆ ಹೋಗಿ ಬಂದ ಇಂಗ್ಲಿಷ್ ಪ್ರವಾಸಿ ರಿಚರ್ಡ್ ಬರ್ಟನ್ 1860ರಲ್ಲಿ ಸಾಲ್ಟ್ ಲೇಕ್ ನಗರಕ್ಕೂ ಹೋದ. ಮುಂದಿನ ವರ್ಷ ಪುಸ್ತಕ ಬರೆದ. ಬಹುಪತ್ನಿತ್ವವಿರುವ ಸಮಾಜಗಳನ್ನು ಮೊದಲೇ ಕಂಡಿದ್ದರಿಂದ ಅವನು ಮಾರ್ಮನರನ್ನು ಕಂಡು ಹೌಹಾರಲಿಲ್ಲ, ಇತರರಿಗಿಂತ ಸಮಾಧಾನದಿಂದ ಬರೆದ. (ಅವನ ಮಕ್ಕಾ ಯಾತ್ರೆಯ ವಂಚನೆ ಬೇರೆ ಮಾತು.) ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕೋನನ್ ಡಾಯ್ಲ್ 1887ರ ತನ್ನ ಮೊದಲ ಹೋಮ್ಸ್ ಕಾದಂಬರಿಯಲ್ಲಿ ಮಾರ್ಮನರನ್ನು ಹೆಣ್ಣು ಅಪಹರಿಸುವ ಕ್ರೂರಿಗಳಾಗಿ ಚಿತ್ರಿಸಿದ. ಹೋಗಿ ನೋಡಿದವನ ಪುಸ್ತಕಕ್ಕಿಂತ ಈ ಕಾದಂಬರಿಯನ್ನು ಓದಿದವರೇ ಹೆಚ್ಚು.

ಬಹುಪತ್ನಿತ್ವ ಸುಳ್ಳಲ್ಲ. 1852ರಲ್ಲಿ ಅವರು ಅದನ್ನು ಬಹಿರಂಗವಾಗಿ ಸಾರಿದರು. ಬ್ರಿಗ್‌ಹ್ಯಾಮ್ ಯಂಗ್‌ಗೆ ಹತ್ತಾರು ಹೆಂಡತಿಯರಿದ್ದರು, ನಾಲ್ಕರ ಮಿತಿ ಅಲ್ಲಿರಲಿಲ್ಲ. 1890ರಲ್ಲಿ ಸಭೆ ಅದನ್ನು ಕೈಬಿಟ್ಟಿತು. ಈಗ ಎರಡನೇ ಹೆಂಡತಿ ಮಾಡಿಕೊಂಡವರನ್ನು ಸಭೆಯಿಂದ ಹೊರಹಾಕುತ್ತಾರೆ. ಒಡೆದು ಹೋದ ಕೆಲವು ಸಣ್ಣ ಗುಂಪುಗಳು ಮಾತ್ರ ಅದನ್ನು ಉಳಿಸಿಕೊಂಡಿವೆ.

ಕೈಬಿಡುವ ಮೊದಲು ವಿಷಯ ಕೋರ್ಟು ಹತ್ತಿತ್ತು. 1879ರಲ್ಲಿ ಜಾರ್ಜ್ ರೆನಾಲ್ಡ್ಸ್ ಎಂಬ ಮಾರ್ಮನನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು. ಬಹುಪತ್ನಿತ್ವ ಬಹುಮಟ್ಟಿಗೆ ಏಷ್ಯಾ ಮತ್ತು ಆಫ್ರಿಕದ ಜನರ ಪದ್ಧತಿ ಎಂಬ ಮಾತೂ ಆ ತೀರ್ಪಿನಲ್ಲಿತ್ತು. 1890ರಲ್ಲಿ ಇನ್ನೊಂದು ಪ್ರಕರಣ ಬಂತು. ಬಹುಪತ್ನಿತ್ವ ಬೋಧಿಸುವ ಸಂಘಕ್ಕೆ ತಾನು ಸೇರಿಲ್ಲವೆಂದು ಪ್ರಮಾಣ ಮಾಡಿದವರಿಗೆ ಮಾತ್ರ ಇಡಾಹೊ ಪ್ರಾಂತ್ಯದಲ್ಲಿ ಮತದಾನದ ಹಕ್ಕಿತ್ತು. ಡೇವಿಸ್ ಎಂಬ ಮಾರ್ಮನ್ ಆ ಪ್ರಮಾಣ ಮಾಡಿ ಶಿಕ್ಷೆಗೆ ಗುರಿಯಾದ. ಅವನ ಮೇಲೆ ಎರಡನೇ ಮದುವೆಯ ಆರೋಪವಿರಲಿಲ್ಲ, ಆ ಸಭೆಯವನಾಗಿದ್ದೇ ಸಾಕಾಯಿತು. ಶಿಕ್ಷೆಯನ್ನು ಎತ್ತಿಹಿಡಿದ ನ್ಯಾಯಾಧೀಶರು ಧರ್ಮವೆಂದರೆ ಏನೆಂದೂ ವಿವರಿಸಿದರು: ಸೃಷ್ಟಿಕರ್ತನೊಡನೆ ಮನುಷ್ಯನಿಗಿರುವ ಸಂಬಂಧದ ಬಗೆಗಿನ ಅಭಿಪ್ರಾಯವೇ ಧರ್ಮ, ಹೊರಗಿನ ಆಚರಣೆ ಬೇರೆ.

ಆ ವಿವರಣೆ ಸಮುದ್ರ ದಾಟಿ ನಮ್ಮ ಕನ್ನಡ ನಾಡಿನ ಮಠವೊಂದರ ಮೊಕದ್ದಮೆಗೆ ಬಂತು. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಸರ್ಕಾರ ತಮ್ಮ ಮಠದ ಆಡಳಿತದಲ್ಲಿ ಕೈಹಾಕಿತೆಂದು ಶಿರೂರು ಮಠದ ಸ್ವಾಮಿಗಳು ನ್ಯಾಯಾಲಯಕ್ಕೆ ಹೋಗಿದ್ದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ತೀರ್ಪು ಬರೆದ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರ ಮುಂದೆ ಡೇವಿಸ್ ಪ್ರಕರಣದ ಆ ವ್ಯಾಖ್ಯೆಯಿತ್ತು. ಅವರು ಅದು ನಮಗೆ ಸಾಲದು ಎಂದರು. ಬೌದ್ಧ, ಜೈನರು ಸೃಷ್ಟಿಕರ್ತನನ್ನು ಹೇಳುವುದಿಲ್ಲ, ಅವೂ ಧರ್ಮಗಳೇ. ಧರ್ಮದ ಆಚರಣೆ ಊಟ ಉಡುಪಿನವರೆಗೂ ಹೋಗಬಹುದು. ಒಂದು ಧರ್ಮದಲ್ಲಿ ಅತ್ಯಗತ್ಯವಾದದ್ದು ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತದಿಂದಲೇ ಅರಿಯಬೇಕು ಎಂದೂ ಹೇಳಿದರು. ಒಂದು ಹಿಂದೂ ಮಠದ ಪರ ಬಂದ ಆ ಮಾತಿನ ನೆರಳಿನಲ್ಲೇ ಮುಂದೆ ಎಲ್ಲ ಧರ್ಮದವರೂ ನಿಲ್ಲುವಂತಾಯಿತು.

ಆದರೆ 'ಅತ್ಯಗತ್ಯ' ಎಂಬ ಆ ಒಂದು ಪದ ಕಾಲಕ್ರಮದಲ್ಲಿ ತಿರುಗಿ ನಿಂತಿತು. ಒಳಗಿನವರನ್ನು ಕೇಳಿ ತಿಳಿಯಬೇಕಾದದ್ದನ್ನು ನ್ಯಾಯಾಲಯಗಳೇ ಗ್ರಂಥ ತೆರೆದು ತೀರ್ಮಾನಿಸತೊಡಗಿದವು. ಉಡುಪಿಯ ಕಾಲೇಜಿನಿಂದ ಶುರುವಾದ ಹಿಜಾಬ್ ವಿವಾದದಲ್ಲಿ ನಮ್ಮ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಯೂಸುಫ್ ಅಲಿಯವರ ಕುರ್‌ಆನ್ ಅನುವಾದ ಮತ್ತು ವ್ಯಾಖ್ಯಾನವನ್ನು ಆಧರಿಸಿ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು 2022ರ ಮಾರ್ಚ್ 15ರಂದು ಹೇಳಿದರು. ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನ ತೀರ್ಪು ಬಂತು. ಈ ಪ್ರಕರಣಕ್ಕೆ ಆ 'ಅತ್ಯಗತ್ಯ'ದ ಪ್ರಶ್ನೆಯೇ ಬೇಕಿಲ್ಲ, ಇದು ಹುಡುಗಿಯ ಆಯ್ಕೆಯ ಮಾತು ಎಂದರು ನ್ಯಾಯಮೂರ್ತಿ ಸುಧಾಂಶು ಧುಲಿಯಾ. ಎಲ್ಲಿಯ ಇಡಾಹೊ, ಎಲ್ಲಿಯ ಉಡುಪಿ!

ನಾವೂ ಮಾರ್ಮನರಿಗೆ ಹೊರಗಿನವರೇ. ನಮ್ಮ ಅಳತೆಗೋಲು ಯಾವುದೆಂದು ಮುಚ್ಚಿಡಬೇಕಿಲ್ಲ. ಮುಹಮ್ಮದ್(ಸ) ಅಂತಿಮ ಪ್ರವಾದಿ, ಅವರ ನಂತರ ಜೋಸೆಫ್ ಸ್ಮಿತ್ ಆಗಲಿ ಮತ್ತೊಬ್ಬರಾಗಲಿ ಪ್ರವಾದಿಯಲ್ಲ. ದೇವರಿಗೆ ದೇಹವಿದೆ ಎಂಬುದನ್ನಾಗಲಿ, ಈಸಾ(ಅ) ದೇವಪುತ್ರ ಎಂಬುದನ್ನಾಗಲಿ ನಾವು ಒಪ್ಪಲಾರೆವು. ಇಷ್ಟನ್ನು ಗಟ್ಟಿಯಾಗಿ ಹೇಳಲು ಅವರ ಬಗ್ಗೆ ಕಟ್ಟುಕಥೆ ಬೇಕಿಲ್ಲ. ಅವರು ಮದ್ಯ, ತಂಬಾಕು, ಚಹಾ, ಕಾಫಿ ಮುಟ್ಟುವುದಿಲ್ಲ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸವಿದ್ದು ಆ ಊಟದ ಹಣವನ್ನು ಬಡವರಿಗೆ ಕೊಡುವುದು ಅವರ ವಾಡಿಕೆ. 1978ರಲ್ಲಿ ಅವರ ಸಭೆಯ ಮುಖ್ಯಸ್ಥರು ಹೊರಡಿಸಿದ ಹೇಳಿಕೆಯಲ್ಲಿ, ದೇವರ ಬೆಳಕಿನ ಒಂದು ಪಾಲು ಪಡೆದ ಮಹಾಪುರುಷರ ಸಾಲಿನಲ್ಲಿ ಪ್ರವಾದಿ(ಸ)ರ ಹೆಸರಿದೆ. 'ಒಂದು ಪಾಲು' ಎಂಬುದು ನಮಗೆ ಸಾಲದು ನಿಜ. ಆದರೆ ಆ ಹೆಸರನ್ನು ಬೈಗುಳವಾಗಿ ತಲೆಯ ಮೇಲೆ ಹೊತ್ತಿದ್ದ ಜನ ಹೇಳಿದ ಮಾತದು.

1993ರಿಂದ ಬೆಂಗಳೂರಿನಲ್ಲಿ ಅವರ ಪ್ರಚಾರ ಕೇಂದ್ರವಿದೆ. ಭಾರತದ ಮೊದಲ ಮಾರ್ಮನ್ ಮಂದಿರವನ್ನು ಅಲ್ಲೇ ಕಟ್ಟುವುದಾಗಿ 2018ರಲ್ಲಿ ಪ್ರಕಟಿಸಿ 2020ರ ಡಿಸೆಂಬರ್ 2ರಂದು ಗುದ್ದಲಿ ಹಾಕಿದರು. ಪ್ರತಿಷ್ಠೆಯಾದ ಮೇಲೆ ಅಂಥ ಮಂದಿರದೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಒಳಗೇನೋ ಗುಟ್ಟು ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ, ಮಕ್ಕಾದೊಳಗೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲವೆಂದು ಹೊರಗಿನವರು ಕಟ್ಟಿದ ಕಥೆಗಳು ನೆನಪಾಗಲಿ.

ಹೋದ ವಾರ ಚಾಚಾ ಫೋನು ಮಾಡಿದ್ದರು. ಆ ಇಬ್ಬರು ಹುಡುಗರು ಮತ್ತೆ ಬಂದಿದ್ದರಂತೆ, ಒಬ್ಬ ಆಂಧ್ರದವನು. ಇವನು ಕೂರಿಸಿ ನಿಂಬೆ ಶರಬತ್ತು ಕೊಟ್ಟು, "ನಿಮ್ಮ ಅಪ್ಪನಿಗೆ ಎಷ್ಟು ಜನ ಹೆಂಡತಿಯರು?" ಎಂದು ನೇರವಾಗಿ ಕೇಳಿದನಂತೆ. "ಒಬ್ಬಳೇ" ಎಂದು ನಕ್ಕು ಅವನು ತಿರುಗಿ ಕೇಳಿದ: "ನಿಮ್ಮ ಅಪ್ಪನಿಗೆ?"

"ಏನು ಹೇಳಿದನಂತೆ?" ಎಂದೆವು.

"ಒಬ್ಬಳೇ ಅಂದನಂತೆ, ಸಾಬ್. ಅವರಿಗೂ ಆಶ್ಚರ್ಯ ಆಯ್ತಂತೆ."