ಗುರುವಿಗಿಂತ ಮೊದಲು ಹಾಡುವವರು

ದೊಡ್ಡ ಗವಾಯಿಗಳ ಹಾಡಿಕೆಗೆ ಮುನ್ನ ಕಿರಿಯರು ಹಾಡುವುದು ಹಿಂದೂಸ್ತಾನಿ ಬೈಠಕ್‌ಗಳ ಹಳೆಯ ರೂಢಿ. ಗೌರವವೇನೋ ಹೌದು, ಬಿಕ್ಕಟ್ಟೂ ಅಷ್ಟೇ ಇದೆ. ಹಿರಿಯರು ಹಾಡಬಹುದಾದ ರಾಗವನ್ನು ಮುಟ್ಟುವಂತಿಲ್ಲ. ಸಂಜೆಯ ಪೂರಿಯಾ, ಮಾರವಾ ಕಿರಿಯರ ಪಾಲು. ರಾತ್ರಿ ಏರಿದ ಮೇಲಿನ ದರಬಾರಿ, ಮಾಲಕಂಸ ಹಿರಿಯರ ಪಾಲು. ಜನ ಇನ್ನೂ ಬಂದು ಕೂರುತ್ತಿರುತ್ತಾರೆ, ಅಷ್ಟರಲ್ಲೇ ಸಮಯ ಮುಗಿದಿರುತ್ತದೆ.

ಗುರುವೇ ಎದುರಿಗೆ ಕೂತರೆ?

1946ರಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವರ ಷಷ್ಟ್ಯಬ್ದಿ ನಡೆಯಿತು. ಕುಂದಗೋಳದ ಆ ಗುರುಗಳಿಗೆ ಪಾರ್ಶ್ವವಾಯುವಿನಿಂದ ಹಾಡಿಕೆ ನಿಂತುಹೋಗಿತ್ತು. ಅವರ ಸಮಾರಂಭದಲ್ಲಿ ಹಾಡಿದವರಲ್ಲಿ ಅವರ ಶಿಷ್ಯ, ಹರೆಯದ ಭೀಮಸೇನ ಜೋಶಿಯೂ ಒಬ್ಬರು. ಅವರ ಹೆಸರು ಊರೂರಿಗೆ ಹಬ್ಬಲು ಆ ಹಾಡಿಕೆಯೇ ದಾರಿಯಾಯಿತು ಎನ್ನುತ್ತಾರೆ. 1952ರಲ್ಲಿ ಗುರುಗಳು ತೀರಿಕೊಂಡರು. ಮರುವರ್ಷದಿಂದಲೇ ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರು. ಅಲ್ಲಿ ಭೀಮಸೇನರು ಕೊನೆಗೆ ಹಾಡುವ ಪದ್ಧತಿ ದಶಕಗಳ ಕಾಲ ನಡೆಯಿತು. ಗುರುವಿನೆದುರು ಹಾಡಿದ ಹುಡುಗನೇ ಕಡೆಯ ಗವಾಯಿಯಾದದ್ದು ಹೀಗೆ.

ವಿಜಯಪುರದವರಿಗೆ ಈ ಪರಂಪರೆ ದೂರದ್ದೇನಲ್ಲ. ಟಿಕೋಟಾ, ಅಥಣಿ ಹಾದುಹೋಗುವ ರಸ್ತೆ ಮೀರಜ್ ಮುಟ್ಟುತ್ತದೆ. ತಂಬೂರಿಗಳು ಅಲ್ಲೇ ತಯಾರಾಗುತ್ತವೆ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರೂ ಅದೇ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿನ ದರ್ಗಾದಲ್ಲಿದೆ. ವರ್ಷವರ್ಷವೂ ಅವರ ನೆನಪಿಗೆ ಗಾಯಕರು ಅಲ್ಲಿ ಸೇರಿ ಹಾಡುತ್ತಾರೆ.