ಓದಿಕೊಳ್ಳದೆ ಬರೆಯುವ ಪರೀಕ್ಷೆ

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ‘ಕ್ಯಾಟ್’ ಪರೀಕ್ಷೆ ಕೊಟ್ಟಿದ್ದಾರೆ. ಅದಕ್ಕೆ ಓದಿಕೊಳ್ಳುವುದೇ ಬೇಡವಂತೆ! ಅದರಿಂದ ಏನು ತಿಳಿಯುತ್ತದೆ?

ಉತ್ತರ: ಪಾಠದ ಪರೀಕ್ಷೆ ಕಲಿತದ್ದನ್ನು ಅಳೆಯುತ್ತದೆ. ಇದು ಹೊಸ ಸಮಸ್ಯೆ ಮುಂದಿಟ್ಟು, ಮಗು ಹೇಗೆ ತರ್ಕಿಸುತ್ತದೆ ಎಂದು ನೋಡುತ್ತದೆ. ಪದ, ಸಂಖ್ಯೆ, ಆಕೃತಿ, ಮನಸ್ಸಿನಲ್ಲೇ ತಿರುಗಿಸಿ ನೋಡಬೇಕಾದ ಚಿತ್ರ ಎಂದು ನಾಲ್ಕು ಭಾಗ. ಅದೇ ವಯಸ್ಸಿನವರ ಸರಾಸರಿ 100.

ಹೆತ್ತವರ ಕಣ್ಣು ಒಟ್ಟು ಅಂಕದ ಮೇಲೆ. ನನ್ನನ್ನು ಕೇಳಿದರೆ, ನೋಡಬೇಕಾದ್ದು ನಾಲ್ಕರ ನಡುವಿನ ಅಂತರ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಪದಗಳಲ್ಲಿ 88, ಆಕೃತಿಗಳಲ್ಲಿ 118 ಬಂತೆನ್ನಿ. ತೊಡಕು ಬಹುಶಃ ಇಂಗ್ಲಿಷಿನದು, ಬುದ್ಧಿಯದಲ್ಲ. ಅಂಥ ಮಗುವನ್ನು ‘ನಿಧಾನ ಕಲಿಯುವವರ’ ಗುಂಪಿಗೆ ತಳ್ಳಿದರೆ ಅನ್ಯಾಯ. ಗಣಿತ ಕಷ್ಟದ್ದೇ ಇರಲಿ, ಭಾಷೆಗೆ ಆಸರೆ ಸಿಗಲಿ. ಚುರುಕಾಗಿ ಮಾತಾಡುವ ಮಗು ರೇಖಾಗಣಿತದಲ್ಲಿ ಎಡವುವುದೂ ಉಂಟು. ಅದಕ್ಕೆ ಕೈಯಲ್ಲಿ ಹಿಡಿದು ತಿರುಗಿಸುವ ಮಾದರಿಗಳು ಬೇಕು.

1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ, ಥಿಯೊಡೋರ್ ಸಿಮೋನ್ ಇಂಥ ಅಳತೆಯನ್ನು ರೂಪಿಸಿದ್ದು ತರಗತಿಯಲ್ಲಿ ಹಿಂದೆ ಬಿದ್ದವರನ್ನು ಗುರುತಿಸಿ ನೆರವಾಗಲೆಂದೇ. (ಮಕ್ಕಳಿಗೆ ಹಣೆಪಟ್ಟಿ ಅಂಟಿಸುವ ಚಟ ಆಮೇಲಿನವರದು.) ಆ ಪರಂಪರೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್.

ನೀವು ನಾಲ್ಕೂ ಅಂಕಗಳನ್ನು ಬಿಡಿಬಿಡಿಯಾಗಿ ತರಿಸಿಕೊಳ್ಳಿ. ಮೊಮ್ಮಗಳು ಅಂದು ಜ್ವರದಲ್ಲಿದ್ದಳೇ, ನಿದ್ದೆಗೆಟ್ಟಿದ್ದಳೇ ಎಂದು ಶಿಕ್ಷಕರಿಗೆ ತಿಳಿಸಿ. ಈ ಅಂಕಗಳನ್ನು ನೋಡಿ ತರಗತಿಯಲ್ಲಿ ಏನು ಬದಲಿಸುತ್ತೀರಿ ಎಂದೂ ಕೇಳಿ.