ಚಿಪ್ ಲೆವೆಲ್ ಎಂಬ ವಿದ್ಯೆ

ಆನ್ ಆಗದ ಲ್ಯಾಪ್‌ಟಾಪನ್ನು ಸರ್ವಿಸ್ ಸೆಂಟರಿಗೆ ಒಯ್ದರೆ ಹೆಚ್ಚಿನ ಸಲ ಸಿಗುವ ಉತ್ತರ ‘ಬೋರ್ಡು ಹೋಗಿದೆ, ಬದಲಾಯಿಸಬೇಕು’ ಎಂದು. ಹೊಸ ಮದರ್‌ಬೋರ್ಡಿನ ಬೆಲೆ ಕೇಳಿದ ಮೇಲೆ ಅನೇಕರು ಹಳೆಯದನ್ನು ಅಟ್ಟಕ್ಕೆ ಹಾಕಿ ಹೊಸ ಯಂತ್ರ ಕೊಳ್ಳುತ್ತಾರೆ. ಆದರೆ ಒಂದು ಮದರ್‌ಬೋರ್ಡಿನ ಮೇಲೆ ಸಾವಿರಕ್ಕೂ ಹೆಚ್ಚು ಬಿಡಿಭಾಗಗಳಿರುತ್ತವೆ, ಅವೆಲ್ಲ ಒಂದೇ ದಿನ ಕೆಡುವುದಿಲ್ಲ. ಬಹಳಷ್ಟು ಸಲ ಕೆಟ್ಟಿರುವುದು ಒಂದು ಮಿಲಿಮೀಟರ್ ಉದ್ದದ ಕೆಪಾಸಿಟರ್, ಕರೆಂಟಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಮಾಸ್‌ಫೆಟ್, ಇಲ್ಲವೇ ಎಂಟು ಕಾಲಿನ ಬಯಾಸ್ ಚಿಪ್ಪಿನೊಳಗಿನ ಪ್ರೋಗ್ರಾಂ. ಆ ಒಂದನ್ನು ಹುಡುಕಿ ತೆಗೆದು ಬೇರೆಯದನ್ನು ಕೂರಿಸುವವರು ಬೆಂಗಳೂರಿನ ಎಸ್.ಪಿ. ರಸ್ತೆಯ ಸಣ್ಣ ಮಳಿಗೆಗಳಲ್ಲಿದ್ದಾರೆ, ಜಿಲ್ಲಾ ಕೇಂದ್ರಗಳ ಮಹಡಿ ಮೇಲಿನ ಅಂಗಡಿಗಳಲ್ಲೂ ಇದ್ದಾರೆ. ಫಲಕದ ಮೇಲೆ ‘ಚಿಪ್ ಲೆವೆಲ್ ಸರ್ವಿಸ್’ ಎಂದು ಬರೆದಿರುತ್ತದೆ. ಈ ಕೆಲಸವನ್ನು ನಾವು ಅಗ್ಗದ ಜುಗಾಡ್ ಎಂದು ಭಾವಿಸಿದ್ದೇವೆ. ಹತ್ತಿರದಿಂದ ನೋಡಿದರೆ ಇದು ಅಳತೆ ಮತ್ತು ತರ್ಕದ ಮೇಲೆ ನಿಂತ ಎಂಜಿನಿಯರಿಂಗ್. ಅದಕ್ಕೆ ಸಲ್ಲಬೇಕಾದ ಮಾನ್ಯತೆಯೂ ದಾಖಲೆಗಳೂ ಸಿಗದಿರುವುದರಿಂದ ನಷ್ಟವಾಗುತ್ತಿರುವುದು ನಮಗೇ.

ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಸಾಮಾನ್ಯ ಅಡಾಪ್ಟರಿನಿಂದ ಬೋರ್ಡಿಗೆ ಬರುವುದು 19 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು ಸುಮಾರು 1 ವೋಲ್ಟ್. ನಡುವೆ 5 ವೋಲ್ಟ್, 3.3 ವೋಲ್ಟ್, ರ‍್ಯಾಮಿಗೆ ಇನ್ನೊಂದು, ಹೀಗೆ ಹಲವು ಮೆಟ್ಟಿಲುಗಳಿವೆ. ನಾಲೆಯ ನೀರನ್ನು ತೂಬಿನಿಂದ ತೂಬಿಗೆ ಸರದಿಯಂತೆ ಬಿಡುವ ಹಾಗೆ, ಒಂದು ಹಂತ ಸರಿಯಾಗಿದೆ ಎಂಬ ಸಂಕೇತ ಬಂದ ಮೇಲಷ್ಟೇ ಮುಂದಿನದು ತೆರೆಯುತ್ತದೆ. ಎಲ್ಲಿ ಸರದಿ ನಿಂತಿತೋ ಅಲ್ಲಿಂದ ಹುಡುಕಾಟ ಶುರು. ನುರಿತ ತಂತ್ರಜ್ಞ ಮೊದಲು ಅಡಾಪ್ಟರನ್ನು ಪಕ್ಕಕ್ಕಿಟ್ಟು ಮೇಜಿನ ಮೇಲಿನ ಪವರ್ ಸಪ್ಲೈಗೆ ಬೋರ್ಡನ್ನು ಜೋಡಿಸಿ ಕರೆಂಟ್ ಎಷ್ಟು ಎಳೆಯುತ್ತಿದೆ ಎಂದು ನೋಡುತ್ತಾರೆ. ಬಟನ್ ಒತ್ತುವ ಮೊದಲೇ ಮುಳ್ಳು ಮೇಲಕ್ಕೆ ಜಿಗಿದರೆ ಮುಖ್ಯ ಲೈನಿನಲ್ಲಿ ಶಾರ್ಟ್. ಒತ್ತಿದ ಮೇಲೆ ಸ್ವಲ್ಪ ಏರಿ ಅಲ್ಲೇ ನಿಂತರೆ ಮುಂದಿನ ಯಾವುದೋ ಹಂತ ಏಳುತ್ತಿಲ್ಲ. ಶಾರ್ಟ್ ಇರುವ ಲೈನಿಗೆ, ಅದು ತಡೆಯುವಷ್ಟೇ ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಕರೆಂಟ್ ಹರಿಸಿದರೆ ಕೆಟ್ಟ ಭಾಗ ಬಿಸಿಯಾಗುತ್ತದೆ. ಥರ್ಮಲ್ ಕ್ಯಾಮೆರಾ ಇದ್ದವರಿಗೆ ಅದು ಪರದೆಯ ಮೇಲೆ ಹೊಳೆಯುತ್ತದೆ. ಇಲ್ಲದವರು ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ, ಎಲ್ಲಿ ಮೊದಲು ಆರುತ್ತದೋ ಅಲ್ಲಿ ಬೆರಳಿಡುತ್ತಾರೆ. ಇಲ್ಲಿ ಅಳತೆಯಷ್ಟೇ ಸಾಲದು, ಅದನ್ನು ಓದುವ ವಿವೇಕವೂ ಬೇಕು. ಪ್ರೊಸೆಸರಿನ ಲೈನಿನ ರೆಸಿಸ್ಟೆನ್ಸ್ ಸಹಜವಾಗಿಯೇ ತೀರಾ ಕಡಿಮೆ. ಹೊಸಬರು ಅದನ್ನೇ ಶಾರ್ಟ್ ಎಂದುಕೊಂಡು ಚೆನ್ನಾಗಿರುವ ಭಾಗಗಳನ್ನು ಕಿತ್ತು ಹಾಕುತ್ತಾರೆ. ಆದರೆ ಆ ಲೈನಿನ ಮೇಲ್ಬದಿಯ ಮಾಸ್‌ಫೆಟ್ ಸುಟ್ಟು 19 ವೋಲ್ಟ್ ನೇರ ಪ್ರೊಸೆಸರಿಗೆ ಹರಿದಿದ್ದರೆ ಆ ಬೋರ್ಡಿನ ಮೇಲೆ ಹಣ ಹಾಕುವುದು ವ್ಯರ್ಥ. ಹಾಗೆಂದು ಗ್ರಾಹಕರಿಗೆ ನೇರವಾಗಿ ಹೇಳುವುದೂ ಈ ವೃತ್ತಿಯ ಭಾಗವೇ.

ರಿಪೇರಿಯವರ ಕೈಗೆ ಬಂದ ದೋಷಗಳೆಲ್ಲ ಬಳಸುವವರ ಅಜಾಗ್ರತೆಯಿಂದ ಹುಟ್ಟಿದವಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಜಗತ್ತಿನಾದ್ಯಂತ ಮದರ್‌ಬೋರ್ಡುಗಳ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ತಲೆ ಉಬ್ಬಿ ಸೋರತೊಡಗಿದವು. ಒಳಗಿನ ದ್ರಾವಣದ ಮಿಶ್ರಣವೇ ಕಳಪೆಯಾಗಿತ್ತು. 2005ರಲ್ಲಿ ಡೆಲ್ ಈ ಬಾಬ್ತಿಗೆ ಸುಮಾರು 30 ಕೋಟಿ ಡಾಲರ್ ಖರ್ಚು ತೋರಿಸಬೇಕಾಯಿತು. ಕೆಲವು ರೂಪಾಯಿಯ ಕೆಪಾಸಿಟರುಗಳನ್ನು ಬದಲಾಯಿಸಿ ಅಂಥ ಬೋರ್ಡುಗಳನ್ನು ಬೀದಿಯಂಗಡಿಗಳೂ ಎಬ್ಬಿಸುತ್ತಿದ್ದವು. 2008ರಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳ ಪ್ಯಾಕೇಜಿಂಗ್ ದುರ್ಬಲವೆಂದು ಒಪ್ಪಿ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಆ ಕಾಲದಲ್ಲಿ ಚಿಪ್ಪನ್ನು ಬಿಸಿ ಗಾಳಿಯಿಂದ ಕಾಯಿಸಿ ‘ಸರಿಮಾಡಿ’ ಕೊಡುವ ಪದ್ಧತಿಯೂ ಬೆಳೆಯಿತು. ದೋಷವಿದ್ದದ್ದು ಚಿಪ್ಪಿನ ಒಳಗಡೆ. ಕಾಯಿಸಿದ್ದರಿಂದ ಬಂದ ಜೀವ ವಾರಗಳದ್ದು, ತಿಂಗಳುಗಳದ್ದು. ನಿಜವಾದ ಪರಿಹಾರ ಚಿಪ್ಪನ್ನೇ ಬದಲಾಯಿಸುವುದಾಗಿತ್ತು. ರಿಪೇರಿಯ ಹೆಸರು ಕೆಟ್ಟದ್ದು ಇಂಥ ಕಡೆ. ಕಾರಣ ತಿಳಿಯದೆ ಮಾಡಿದ ರಿಪೇರಿಗೂ ಕಾರಣ ಹಿಡಿದು ಮಾಡಿದ ರಿಪೇರಿಗೂ ಇರುವ ಅಂತರವನ್ನು ಗ್ರಾಹಕರು ಅರಿಯಬೇಕು, ಕೇಳಬೇಕು.

ಕಾರಣ ಹಿಡಿಯಲು ನಕ್ಷೆ ಬೇಕು. ಬೋರ್ಡಿನ ಸ್ಕೀಮ್ಯಾಟಿಕ್ ಇಲ್ಲದೆ ಯಾವ ಚಿಪ್ಪಿಗೆ ಯಾವ ಲೈನ್ ಹೋಗುತ್ತದೆಂದು ಊಹಿಸುತ್ತಲೇ ಕೂರಬೇಕಾಗುತ್ತದೆ. ಆದರೆ ತಯಾರಕರು ಅದನ್ನು ಸಾಮಾನ್ಯವಾಗಿ ಬಹಿರಂಗಪಡಿಸುವುದಿಲ್ಲ. ರಿಪೇರಿಯವರು ಬಳಸುವುದು ಹೇಗೋ ಸೋರಿ ಕೈಯಿಂದ ಕೈಗೆ ದಾಟಿದ ಪ್ರತಿಗಳನ್ನು. ನಕ್ಷೆ ಕೊಟ್ಟರೆ ಸ್ಪರ್ಧಿಗಳು ನಕಲು ಮಾಡುತ್ತಾರೆ ಎಂಬುದು ಕಂಪನಿಗಳ ವಾದ. ನಕಲು ಮಾಡುವ ಸಾಮರ್ಥ್ಯವಿರುವ ಸ್ಪರ್ಧಿಗೆ ಬೋರ್ಡನ್ನು ಕೊಂಡು ಪದರ ಪದರವಾಗಿ ಬಿಡಿಸಿ ನೋಡುವ ಸಾಮರ್ಥ್ಯವೂ ಇರುತ್ತದೆ. ಈ ಗುಟ್ಟಿನಿಂದ ನಿಜವಾಗಿ ತಡೆಯಾಗುವುದು ರಿಪೇರಿಯವರಿಗೆ.

ಹೊಸ ಯಂತ್ರ ಹೆಚ್ಚು ವೇಗದ್ದು, ಕಡಿಮೆ ವಿದ್ಯುತ್ ಬಳಸುತ್ತದೆ, ಹಳೆಯದಕ್ಕೇಕೆ ಅಂಟಿಕೊಳ್ಳಬೇಕು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ವೇಗದ ಮಾತು ನಿಜ. ವಿದ್ಯುತ್ತಿನ ಲೆಕ್ಕ ಮಾತ್ರ ತಲೆಕೆಳಗಾಗಿದೆ: ಲ್ಯಾಪ್‌ಟಾಪಿನ ಆಯುಷ್ಯದ ಒಟ್ಟು ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಬೀಳುವುದು ತಯಾರಿಕೆಯಲ್ಲಿ, ಬಳಕೆಯಲ್ಲಲ್ಲ, ತಯಾರಕರೇ ಪ್ರಕಟಿಸುವ ವರದಿಗಳು ಇದನ್ನು ಹೇಳುತ್ತವೆ. ವಿಶ್ವಸಂಸ್ಥೆಯ ಸಂಸ್ಥೆಗಳ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು, ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಅದರ ಶೇ 22.3ಕ್ಕೆ ಮಾತ್ರ. ಕಾಲೇಜಿನ ಪ್ರಾಜೆಕ್ಟ್ ಬರೆಯುವ, ಅಂಗಡಿಯ ಲೆಕ್ಕ ಇಡುವ, ಪಾಠ ನೋಡುವ ಕೆಲಸಕ್ಕೆ ಎಂಟು ವರ್ಷದ ಹಿಂದಿನ ಯಂತ್ರ ಇಂದಿಗೂ ಸಾಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಬದಿಗೆ ಸರಿದ ಯಂತ್ರಗಳಲ್ಲಿ ಎಷ್ಟೋ ಹಾರ್ಡ್‌ವೇರ್ ಮಟ್ಟದಲ್ಲಿ ಯಾವ ದೋಷವೂ ಇಲ್ಲದವು. ಅಂಥವಕ್ಕೆ ಲಿನಕ್ಸ್ ಹಾಕಿಕೊಡುವುದು ಒಳ್ಳೆಯ ಅಂಗಡಿಗಳ ಕೆಲಸಪಟ್ಟಿಯಲ್ಲಿ ಈಗ ಸೇರಬೇಕು.

ರ‍್ಯಾಮನ್ನೂ ಸ್ಟೋರೇಜನ್ನೂ ಬೋರ್ಡಿಗೇ ಬೆಸೆಯುತ್ತಿರುವಾಗ ಈ ವಿದ್ಯೆಗೆ ಭವಿಷ್ಯವಿಲ್ಲ ಎನ್ನುವವರಿದ್ದಾರೆ. ಕಡಿಮೆ ವಿದ್ಯುತ್ತಿನ ರ‍್ಯಾಮನ್ನು ಪ್ರೊಸೆಸರಿನ ಹತ್ತಿರವೇ ಬೆಸೆಯಲು ತಾಂತ್ರಿಕ ಕಾರಣವಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದೇ ಬಗೆಯ ರ‍್ಯಾಮನ್ನು ಸ್ಕ್ರೂ ಹಾಕಿ ಕೂರಿಸುವ ಕ್ಯಾಮ್2 ಮಾನದಂಡವನ್ನು ಮೆಮೊರಿ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಜೆಡೆಕ್ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದೆ. ಜೊತೆಗೆ, ಎಲ್ಲವನ್ನೂ ಬೆಸೆದ ಯಂತ್ರಕ್ಕೇ ಚಿಪ್ ಲೆವೆಲ್ ಕೈ ಹೆಚ್ಚು ಬೇಕಾಗುವುದು: ಬೋರ್ಡು ಎದ್ದರೆ ಮಾತ್ರ ಅದರೊಳಗಿನ ಫೋಟೊ, ದಾಖಲೆಗಳು ಮರಳಿ ಸಿಗುತ್ತವೆ. ಖಾಸಗಿ ಮಾಹಿತಿ ಕದಿಯುವ ಭಯ, ಕಳಪೆ ಬ್ಯಾಟರಿಯ ಅಪಾಯ ಇವೆರಡೂ ಉಪೇಕ್ಷಿಸುವಂಥವಲ್ಲ. ಅವಕ್ಕೆ ಉತ್ತರ ತರಬೇತಿ, ಪರವಾನಗಿ, ಅಸಲಿ ಬಿಡಿಭಾಗದ ಪೂರೈಕೆ. ಅಂಗಡಿಯನ್ನು ಕತ್ತಲಲ್ಲಿಟ್ಟಷ್ಟೂ ಆ ಅಪಾಯ ಬೆಳೆಯುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ವಲಯಕ್ಕೆ ರಿಪೇರಿ ಸೂಚ್ಯಂಕ ರೂಪಿಸುವ ವರದಿ 2025ರಲ್ಲಿ ಇಲಾಖೆಯ ಕೈಸೇರಿದೆ. ಫ್ರಾನ್ಸ್ 2021ರ ಜನವರಿಯಿಂದಲೇ ಲ್ಯಾಪ್‌ಟಾಪುಗಳ ಬೆಲೆಯ ಪಕ್ಕ ಹತ್ತಕ್ಕೆ ಎಷ್ಟು ಅಂಕ ಎಂದು ತೋರಿಸುವಂತೆ ಮಾಡಿದೆ. ದಾಖಲೆಗಳ ಲಭ್ಯತೆ, ಬಿಚ್ಚುವ ಸುಲಭತೆ, ಬಿಡಿಭಾಗದ ಬೆಲೆ ಎಲ್ಲಕ್ಕೂ ಅಲ್ಲಿ ಅಂಕವಿದೆ. ನಮ್ಮ ಸೂಚ್ಯಂಕ ಬ್ಯಾಟರಿ ಮತ್ತು ಪರದೆ ಬದಲಾಯಿಸುವ ಸುಲಭತೆಯನ್ನಷ್ಟೇ ಅಳೆದರೆ ಎಸ್.ಪಿ. ರಸ್ತೆಯ ಮೇಜುಗಳಿಗೆ ಅದರಿಂದ ಪ್ರಯೋಜನ ಕಡಿಮೆ. ಮಾದರಿಯೊಂದರ ಮಾರಾಟ ನಿಲ್ಲುತ್ತಿದ್ದಂತೆ ಅದರ ಸ್ಕೀಮ್ಯಾಟಿಕ್ ಮತ್ತು ಬಿಡಿಭಾಗಗಳು ಎಲ್ಲಿವೆಯೆಂದು ತೋರಿಸುವ ಬೋರ್ಡ್‌ವ್ಯೂ ಫೈಲುಗಳನ್ನು ನೋಂದಾಯಿತ ರಿಪೇರಿಯವರಿಗೆ ಕೊಡಬೇಕೆಂಬ ನಿಯಮ ಅದರಲ್ಲಿ ಇರಬೇಕು. ಐಟಿಐ, ಡಿಪ್ಲೊಮಾಗಳ ಎಲೆಕ್ಟ್ರಾನಿಕ್ಸ್ ಲ್ಯಾಬುಗಳಿಗೂ ಆ ಫೈಲುಗಳು ಹೋಗಬೇಕು. ಕೆಟ್ಟ ಬೋರ್ಡುಗಳಿಗೆ ಅಲ್ಲಿ ಎಂದೂ ಬರವಿರುವುದಿಲ್ಲ.